ದೀರ್ಘಕಾಲಿಕ ಉರಿಯೂತ ಮತ್ತು ಕ್ಯಾನ್ಸರ್

ದೀರ್ಘಕಾಲಿಕ ಉರಿಯೂತ ಎಂದರೆ ದೇಹದ ಯಾವುದಾದರೂ ಅಂಗಾಂಶದಲ್ಲಿ ತಿಂಗಳುಗಟ್ಟಲೆ ಅಥವಾ ವರ್ಷಗಟ್ಟಲೆ ಶಮನವಾಗದೆ ಮುಂದುವರಿಯುವ ಉರಿಯೂತ. ಸೋಂಕು ತಗುಲಿದಾಗ ಅಥವಾ ಗಾಯವಾದಾಗ ದೇಹವನ್ನು ಕಾಪಾಡುವ ಪ್ರಕ್ರಿಯೆಯೇ ಉರಿಯೂತ. ಅದು ನಿಲ್ಲಬೇಕಾದಾಗ ನಿಲ್ಲದೆ ಹೋದರೆ ಜೀವಕೋಶಗಳ ಡಿಎನ್‌ಎಗೆ ಹಾನಿಯಾಗುತ್ತದೆ. ಹಾನಿಗೊಂಡ ಕೋಶಗಳು ಬದುಕಿ ಬೆಳೆಯಲು ಅನುಕೂಲವಾದ ಪರಿಸರವೂ ಅಲ್ಲಿಯೇ ಸಿದ್ಧವಾಗುತ್ತದೆ. ಹೀಗೆ ಕೆಲವು ಬಗೆಯ ಕ್ಯಾನ್ಸರ್‌ಗಳಿಗೆ ದಾರಿಯಾಗುತ್ತದೆ. ಜಠರ, ಯಕೃತ್ತು, ಪಿತ್ತಕೋಶ, ದೊಡ್ಡ ಕರುಳು, ಮೂತ್ರಕೋಶ ಮತ್ತು ಬಾಯಿಯ ಕ್ಯಾನ್ಸರ್‌ಗಳಲ್ಲಿ ಈ ಸಂಬಂಧವು ಚೆನ್ನಾಗಿ ಗುರುತಿಸಲ್ಪಟ್ಟಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ, 2018ರಲ್ಲಿ ಜಗತ್ತಿನಾದ್ಯಂತ ಕಂಡುಬಂದ ಹೊಸ ಕ್ಯಾನ್ಸರ್ ಪ್ರಕರಣಗಳಲ್ಲಿ ಸುಮಾರು 22 ಲಕ್ಷ, ಅಂದರೆ ಶೇ. 13ರಷ್ಟು, ಸೋಂಕುಗಳಿಂದ ಉಂಟಾದವು. ಇವುಗಳಲ್ಲಿ ಜಠರ ಮತ್ತು ಯಕೃತ್ತಿನ ಕ್ಯಾನ್ಸರ್‌ಗಳು ಬಹುಮಟ್ಟಿಗೆ ದೀರ್ಘಕಾಲದ ಉರಿಯೂತದ ಹಾದಿಯಲ್ಲಿಯೇ ಬೆಳೆಯುತ್ತವೆ. ಉರಿಯೂತದ ಮೂಲಕಾರಣವನ್ನು ಗುರುತಿಸಿ ನಿವಾರಿಸಲು ಅನೇಕ ಸಂದರ್ಭಗಳಲ್ಲಿ ಸಾಧ್ಯವಿರುವುದರಿಂದ, ಈ ಕ್ಯಾನ್ಸರ್‌ಗಳಲ್ಲಿ ಹಲವನ್ನು ತಡೆಗಟ್ಟಬಹುದಾಗಿದೆ.

ಉರಿಯೂತದ ಸ್ವರೂಪ

ಕಾಲಿಗೆ ಮುಳ್ಳು ಚುಚ್ಚಿದಾಗ ಆ ಜಾಗ ಕೆಂಪಾಗಿ, ಬಿಸಿಯೇರಿ, ಊದಿಕೊಂಡು ನೋಯುತ್ತದೆ. ಅಲ್ಲಿಗೆ ಹೆಚ್ಚು ರಕ್ತ ಹರಿದುಬರುವುದು ಹಾಗೂ ರಕ್ತನಾಳಗಳ ಗೋಡೆ ಸಡಿಲಗೊಂಡು ದ್ರವವೂ ಬಿಳಿ ರಕ್ತಕಣಗಳೂ ಅಂಗಾಂಶದೊಳಕ್ಕೆ ಇಳಿಯುವುದು ಇದಕ್ಕೆ ಕಾರಣ. ಮೊದಲು ಬರುವ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ರೋಗಾಣುಗಳನ್ನು ಕೊಲ್ಲುತ್ತವೆ. ಬಳಿಕ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳು ಸತ್ತ ರೋಗಾಣುಗಳನ್ನೂ ಕೋಶಗಳ ಅವಶೇಷಗಳನ್ನೂ ನುಂಗಿ ಜಾಗವನ್ನು ಶುಚಿಗೊಳಿಸುತ್ತವೆ. ಕೊನೆಯಲ್ಲಿ ಹೊಸ ಕೋಶಗಳು ಹುಟ್ಟಿ ಗಾಯ ಮಾಯುತ್ತದೆ. ಕೆಲವು ದಿನಗಳಲ್ಲಿ ಮುಗಿಯುವ ಇಂತಹ ಕ್ರಿಯೆಯನ್ನು ಅಲ್ಪಕಾಲಿಕ ಉರಿಯೂತ ಎನ್ನುತ್ತಾರೆ. ಇದಿಲ್ಲದೆ ಸಣ್ಣ ಗಾಯವೂ ವಾಸಿಯಾಗಲಾರದು.

ಉರಿಯೂತಕ್ಕೆ ಕಾರಣವಾದುದು ಅಲ್ಲಿಯೇ ಉಳಿದಾಗ ಈ ಕ್ರಿಯೆಗೆ ಕೊನೆಯಿರುವುದಿಲ್ಲ. ಮುಖ್ಯವಾಗಿ ಮೂರು ಸಂದರ್ಭಗಳಲ್ಲಿ ಹೀಗಾಗುತ್ತದೆ:

1. ರೋಗಾಣುವು ದೇಹದಲ್ಲಿ ನೆಲೆಯೂರಿದಾಗ. ಉದಾಹರಣೆಗೆ ಜಠರದ ಬ್ಯಾಕ್ಟೀರಿಯ, ಯಕೃತ್ತಿನ ವೈರಸ್.
2. ಉದ್ರೇಕಕಾರಿ ವಸ್ತುವು ಮತ್ತೆ ಮತ್ತೆ ತಾಗುತ್ತಿದ್ದಾಗ. ಉದಾಹರಣೆಗೆ ತಂಬಾಕಿನ ಹೊಗೆ, ಅಡಿಕೆ, ಕಲ್ನಾರು.
3. ರೋಗನಿರೋಧಕ ವ್ಯವಸ್ಥೆಯು ಹತೋಟಿ ತಪ್ಪಿ ದೇಹದ ಅಂಗಾಂಶಕ್ಕೇ ಹಾನಿ ಮಾಡತೊಡಗಿದಾಗ. ಉದಾಹರಣೆಗೆ ಕರುಳಿನ ಕೆಲವು ಉರಿಯೂತ ರೋಗಗಳು.

ಇಂತಹ ಸ್ಥಿತಿಯಲ್ಲಿ ಕೋಶಗಳ ನಾಶ ಮತ್ತು ದುರಸ್ತಿ ಎರಡೂ ಒಟ್ಟೊಟ್ಟಿಗೆ ನಡೆಯುತ್ತಿರುತ್ತವೆ. ಅಲ್ಪಕಾಲಿಕ ಉರಿಯೂತವು ನೋವಿನ ಮೂಲಕ ತನ್ನ ಇರುವಿಕೆಯನ್ನು ಸಾರುತ್ತದೆ. ದೀರ್ಘಕಾಲಿಕ ಉರಿಯೂತವಾದರೋ ಅನೇಕ ವೇಳೆ ನೋವಿಲ್ಲದೆ, ವ್ಯಕ್ತಿಯ ಗಮನಕ್ಕೆ ಬಾರದೆ ವರ್ಷಗಳ ಕಾಲ ಸಾಗುತ್ತದೆ. ಇದರ ಅಪಾಯವಿರುವುದು ಇಲ್ಲಿಯೇ.

ಇತಿಹಾಸ

ಕೆಂಪಾಗುವುದು, ಊತ, ಬಿಸಿ ಮತ್ತು ನೋವು ಎಂಬ ಉರಿಯೂತದ ನಾಲ್ಕು ಲಕ್ಷಣಗಳನ್ನು ಕ್ರಿ.ಶ. ಒಂದನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ದಾಖಲಿಸಿದ್ದಾನೆ. ಭಾರತದಲ್ಲಿ ಸುಶ್ರುತ ಸಂಹಿತೆಯು ವ್ರಣಕ್ಕೆ ಸಂಬಂಧಿಸಿದ ಊತವನ್ನು ಆಮ, ಪಚ್ಯಮಾನ ಮತ್ತು ಪಕ್ವ ಎಂಬ ಮೂರು ಅವಸ್ಥೆಗಳಾಗಿ ವಿಂಗಡಿಸುತ್ತದೆ.

ಉರಿಯೂತಕ್ಕೂ ಕ್ಯಾನ್ಸರ್‌ಗೂ ಸಂಬಂಧವಿರಬಹುದೆಂಬ ವಿಚಾರವನ್ನು 1863ರಲ್ಲಿ ಜರ್ಮನಿಯ ರೋಗವಿಜ್ಞಾನಿ ರುಡಾಲ್ಫ್ ವಿರ್ಕೋ ಮುಂದಿಟ್ಟನು. ಕ್ಯಾನ್ಸರ್ ಗಡ್ಡೆಗಳ ಒಳಗೆ ಬಿಳಿ ರಕ್ತಕಣಗಳಿರುವುದನ್ನು ಕಂಡ ಅವನು, ನಿರಂತರ ಕೆರಳಿಕೆಗೆ ಒಳಗಾದ ಜಾಗಗಳಲ್ಲಿ ಕ್ಯಾನ್ಸರ್ ಹುಟ್ಟುತ್ತದೆ ಎಂದು ಊಹಿಸಿದನು. 1915ರಲ್ಲಿ ಜಪಾನಿನ ಕತ್ಸುಸಾಬುರೊ ಯಾಮಾಗಿವಾ ಮತ್ತು ಕೊಯಿಚಿ ಇಚಿಕಾವಾ ಮೊಲಗಳ ಕಿವಿಗೆ ಕಲ್ಲಿದ್ದಲ ಟಾರನ್ನು ಮತ್ತೆ ಮತ್ತೆ ಹಚ್ಚಿ ಕ್ಯಾನ್ಸರ್ ಉಂಟಾಗುವುದನ್ನು ತೋರಿಸಿದರು. ಆದರೆ ಟಾರಿನಲ್ಲಿರುವ ರಾಸಾಯನಿಕಗಳು ನೇರವಾಗಿ ಕ್ಯಾನ್ಸರ್ ಉಂಟುಮಾಡಬಲ್ಲವು ಎಂಬುದು ಬಳಿಕ ತಿಳಿಯಿತು. ಹುಳುಗಳು ಇಲಿಗಳ ಜಠರವನ್ನು ಕೆರಳಿಸಿ ಕ್ಯಾನ್ಸರ್ ತರುತ್ತವೆ ಎಂಬ ನಿರ್ಣಯಕ್ಕಾಗಿ ಡೆನ್ಮಾರ್ಕಿನ ಜೊಹಾನಿಸ್ ಫಿಬಿಗರ್‌ಗೆ 1926ನೇ ಸಾಲಿನ ನೊಬೆಲ್ ಪ್ರಶಸ್ತಿ ದೊರಕಿತಾದರೂ ಆ ನಿರ್ಣಯವು ಮುಂದೆ ತಪ್ಪೆಂದು ಸಾಬೀತಾಯಿತು. ಇಂತಹ ಕಾರಣಗಳಿಂದ ವಿರ್ಕೋನ ವಿಚಾರವು ದೀರ್ಘಕಾಲ ಹಿನ್ನೆಲೆಗೆ ಸರಿಯಿತು.

1986ರಲ್ಲಿ ಅಮೆರಿಕದ ಹೆರಾಲ್ಡ್ ಡ್ವೊರಾಕ್, ಕ್ಯಾನ್ಸರ್ ಗಡ್ಡೆಯು ಮಾಯದ ಗಾಯದಂತೆ ವರ್ತಿಸುತ್ತದೆ ಎಂದು ವಿವರಿಸಿದರು. ಗಾಯ ಮಾಯುವಾಗ ನಡೆಯುವ ರಕ್ತನಾಳಗಳ ಬೆಳವಣಿಗೆ, ಕೋಶವಿಭಜನೆ ಮೊದಲಾದವು ಗಡ್ಡೆಯಲ್ಲಿಯೂ ನಡೆಯುತ್ತವೆ. ಆದರೆ ಕೊನೆಗೊಳ್ಳುವುದಿಲ್ಲ ಎಂಬುದು ಅವರ ವಾದದ ತಿರುಳು. 2011ರಲ್ಲಿ ಡಗ್ಲಸ್ ಹನಹಾನ್ ಮತ್ತು ರಾಬರ್ಟ್ ವೈನ್‌ಬರ್ಗ್ ಕ್ಯಾನ್ಸರಿನ ಮೂಲ ಲಕ್ಷಣಗಳನ್ನು ಕುರಿತ ತಮ್ಮ ಪ್ರಸಿದ್ಧ ಪಟ್ಟಿಯನ್ನು ಪರಿಷ್ಕರಿಸಿದಾಗ, ಗಡ್ಡೆಯನ್ನು ಪೋಷಿಸುವ ಉರಿಯೂತವನ್ನು ಆ ಲಕ್ಷಣಗಳಿಗೆ ಅವಕಾಶ ಮಾಡಿಕೊಡುವ ಅಂಶವೆಂದು ಸೇರಿಸಿದರು.

ಉರಿಯೂತವು ಕ್ಯಾನ್ಸರಿಗೆ ದಾರಿಯಾಗುವ ಬಗೆ

ಡಿಎನ್‌ಎಗೆ ಹಾನಿ: ರೋಗಾಣುಗಳನ್ನು ಕೊಲ್ಲಲು ಬಿಳಿ ರಕ್ತಕಣಗಳು ಆಮ್ಲಜನಕ ಮತ್ತು ಸಾರಜನಕದ ಅತಿ ಚುರುಕಾದ ಸಂಯುಕ್ತಗಳನ್ನು ಬಿಡುಗಡೆ ಮಾಡುತ್ತವೆ. ಇವು ಶತ್ರು ಮಿತ್ರರೆಂಬ ಭೇದವಿಲ್ಲದೆ ಪಕ್ಕದ ಆರೋಗ್ಯವಂತ ಕೋಶಗಳ ಡಿಎನ್‌ಎಯನ್ನೂ ಘಾಸಿಗೊಳಿಸುತ್ತವೆ. ಕೆಲವು ದಿನಗಳ ಹಾನಿಯನ್ನು ಕೋಶವು ಸರಿಪಡಿಸಿಕೊಳ್ಳಬಲ್ಲದು; ವರ್ಷಗಟ್ಟಲೆ ಹಾನಿ ನಡೆದರೆ ಸರಿಯಾಗದೆ ಉಳಿದ ತಪ್ಪುಗಳು ಶೇಖರವಾಗುತ್ತವೆ.

ನಿರಂತರ ಕೋಶವಿಭಜನೆ: ಸತ್ತ ಕೋಶಗಳ ಸ್ಥಾನವನ್ನು ತುಂಬಲು ಉಳಿದ ಕೋಶಗಳು ಬಿಡುವಿಲ್ಲದೆ ವಿಭಜನೆಗೊಳ್ಳಬೇಕಾಗುತ್ತದೆ. ಪ್ರತಿ ವಿಭಜನೆಯಲ್ಲೂ ಡಿಎನ್‌ಎಯ ಪ್ರತಿ ಸಿದ್ಧವಾಗುತ್ತದೆ. ಪ್ರತಿಮಾಡುವಿಕೆ ಹೆಚ್ಚಿದಷ್ಟೂ ತಪ್ಪುಗಳು ನುಸುಳುವ ಸಾಧ್ಯತೆಯೂ ಹೆಚ್ಚುತ್ತದೆ. ಈ ತಪ್ಪುಗಳನ್ನು ಉತ್ಪರಿವರ್ತನೆಗಳು ಎನ್ನುತ್ತಾರೆ.

ಬದುಕುಳಿಯುವ ಸಂದೇಶ: ಉರಿಯೂತದ ಕೋಶಗಳು ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಮುಂತಾದ ಸೈಟೊಕೈನ್‌ಗಳನ್ನು, ಅಂದರೆ ಕೋಶದಿಂದ ಕೋಶಕ್ಕೆ ಸಂದೇಶ ಒಯ್ಯುವ ಪ್ರೋಟೀನುಗಳನ್ನು, ಸ್ರವಿಸುತ್ತವೆ. ಇವು ಕೋಶದೊಳಗಿನ ಎನ್‌ಎಫ್-ಕಪ್ಪಾ-ಬಿ ಮತ್ತು ಸ್ಟ್ಯಾಟ್-3 ಎಂಬ ಪ್ರೋಟೀನುಗಳನ್ನು ಚುರುಕುಗೊಳಿಸಿ, ಬೆಳೆಯುವ ಮತ್ತು ಸಾಯದಿರುವ ಆದೇಶ ನೀಡುತ್ತವೆ. ಡಿಎನ್‌ಎ ಕೆಟ್ಟ ಕೋಶವು ಸಾಮಾನ್ಯವಾಗಿ ತಾನಾಗಿಯೇ ಸಾಯುತ್ತದೆ. ಈ ಆದೇಶವಿರುವಾಗ ಅದೂ ಬದುಕುಳಿಯಬಹುದು.

ರಕ್ತನಾಳಗಳ ಬೆಳವಣಿಗೆ ಮತ್ತು ಹರಡುವಿಕೆ: ಗಾಯ ಮಾಯಲು ಹೊಸ ರಕ್ತನಾಳಗಳು ಬೇಕು. ಅದಕ್ಕೆಂದು ಉತ್ಪತ್ತಿಯಾಗುವ ವಸ್ತುಗಳು ಗಡ್ಡೆಗೂ ರಕ್ತ ಒದಗಿಸುತ್ತವೆ. ಕೋಶಗಳ ನಡುವಣ ಜಾಲವನ್ನು ಕರಗಿಸುವ ಕಿಣ್ವಗಳು ಕ್ಯಾನ್ಸರ್ ಕೋಶಗಳು ಪಕ್ಕಕ್ಕೆ ನುಗ್ಗಲು ಎಡೆಮಾಡಿಕೊಡುತ್ತವೆ.

ಕಾವಲು ಸಡಿಲವಾಗುವುದು: ಉರಿಯೂತವು ಮಿತಿಮೀರದಂತೆ ತಡೆಯಲು ದೇಹವು ರೋಗನಿರೋಧಕ ಕೋಶಗಳನ್ನು ಅಡಗಿಸುವ ವ್ಯವಸ್ಥೆಯನ್ನೂ ಹೊಂದಿದೆ. ದೀರ್ಘಕಾಲಿಕ ಉರಿಯೂತದಲ್ಲಿ ಈ ವ್ಯವಸ್ಥೆ ಸದಾ ಜಾಗೃತವಾಗಿರುವುದರಿಂದ, ಕ್ಯಾನ್ಸರ್ ಕೋಶಗಳನ್ನು ಗುರುತಿಸಿ ಕೊಲ್ಲಬೇಕಾದ ಟಿ-ಕೋಶಗಳು ದುರ್ಬಲವಾಗುತ್ತವೆ.

ಪ್ರಮುಖ ಉದಾಹರಣೆಗಳು

ಜಠರ

ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಜಠರದಲ್ಲಿ ವಾಸಿಸುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯವನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. ಆಮ್ಲ ತುಂಬಿದ ಜಠರದಲ್ಲಿ ಬ್ಯಾಕ್ಟೀರಿಯ ನೆಲೆಸಿ ರೋಗ ತರಬಲ್ಲದೆಂಬುದನ್ನು ಹಲವರು ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಸ್ವತಃ ಆ ಬ್ಯಾಕ್ಟೀರಿಯದ ದ್ರಾವಣವನ್ನು ಕುಡಿದರು. ಕೆಲವೇ ದಿನಗಳಲ್ಲಿ ಅವರಿಗೆ ಜಠರದ ಉರಿಯೂತ ಕಾಣಿಸಿಕೊಂಡಿತು. ಇವರಿಬ್ಬರಿಗೂ 2005ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1994ರಲ್ಲಿಯೇ ಈ ಬ್ಯಾಕ್ಟೀರಿಯವನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿಗೆ ಸೇರಿಸಿತ್ತು.

ಇಲ್ಲಿ ರೋಗವು ಹಂತಹಂತವಾಗಿ ಸಾಗುತ್ತದೆ. ಮೊದಲು ಉರಿಯೂತ, ಬಳಿಕ ಜಠರದ ಒಳಪೊರೆ ಸವೆಯುವುದು, ಆಮೇಲೆ ಅದು ಕರುಳಿನ ಪೊರೆಯಂತೆ ಮಾರ್ಪಡುವುದು, ಅನಂತರ ಕೋಶಗಳ ವಿಕೃತಿ, ಕೊನೆಗೆ ಕ್ಯಾನ್ಸರ್. ಇದಕ್ಕೆ ದಶಕಗಳೇ ಹಿಡಿಯುತ್ತವೆ. ಸೋಂಕು ತಗುಲಿದವರಲ್ಲಿ ಕ್ಯಾನ್ಸರ್ ಬರುವುದು ಶೇ. 1ರಿಂದ 3ರಷ್ಟು ಮಂದಿಗೆ ಮಾತ್ರ. ಭಾರತದಲ್ಲಿ ಈ ಸೋಂಕು ವ್ಯಾಪಕವಾಗಿದ್ದರೂ ದೇಶದ ಹೆಚ್ಚಿನ ಭಾಗಗಳಲ್ಲಿ ಜಠರದ ಕ್ಯಾನ್ಸರ್ ಕಡಿಮೆ. ಮಿಜೋರಾಂನಲ್ಲಿ ಮಾತ್ರ ಅದರ ಪ್ರಮಾಣ ಬಹಳ ಹೆಚ್ಚು. ಆಹಾರಪದ್ಧತಿ, ತಂಬಾಕು, ಬ್ಯಾಕ್ಟೀರಿಯದ ತಳಿ, ಅನುವಂಶೀಯತೆ ಇವೆಲ್ಲವೂ ಪರಿಣಾಮ ಬೀರುತ್ತವೆ ಎಂಬುದಕ್ಕೆ ಇದು ನಿದರ್ಶನ.

ಯಕೃತ್ತು

ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು ಯಕೃತ್ತಿನಲ್ಲಿ ನೆಲೆಸಿದಾಗ ಉರಿಯೂತ ಮುಂದುವರಿದು, ಅಂಗಾಂಶವು ನಾರುಗಟ್ಟಿ ಗಡುಸಾಗುತ್ತದೆ. ಸಿರೋಸಿಸ್ ಎಂದು ಕರೆಯುವ ಈ ಸ್ಥಿತಿಯಿಂದ ಕ್ಯಾನ್ಸರ್ ಬೆಳೆಯಬಹುದು. ಹೆಪಟೈಟಿಸ್ ಬಿ ವೈರಸ್ ತನ್ನ ಡಿಎನ್‌ಎಯನ್ನು ಕೋಶದ ಡಿಎನ್‌ಎಯಲ್ಲಿ ಸೇರಿಸಬಲ್ಲದಾದ್ದರಿಂದ ಸಿರೋಸಿಸ್ ಇಲ್ಲದೆಯೂ ಕ್ಯಾನ್ಸರ್ ತರಬಹುದು. ತಾಯಿಯಿಂದ ಹುಟ್ಟುವಾಗಲೇ ಸೋಂಕು ಪಡೆದ ಶಿಶುಗಳಲ್ಲಿ ಸುಮಾರು ಶೇ. 90ರಷ್ಟು ಮಕ್ಕಳಿಗೆ ಅದು ದೀರ್ಘಕಾಲಿಕವಾಗುತ್ತದೆ. ವಯಸ್ಕರಾದ ಮೇಲೆ ಸೋಂಕು ತಗುಲಿದರೆ ಈ ಪ್ರಮಾಣ ಶೇ. 5ಕ್ಕಿಂತ ಕಡಿಮೆ. ಮದ್ಯಪಾನ ಹಾಗೂ ಯಕೃತ್ತಿನಲ್ಲಿ ಕೊಬ್ಬು ಶೇಖರಣೆಯೂ ಇದೇ ಹಾದಿಯಲ್ಲಿ ಒಯ್ಯಬಲ್ಲವು.

ಬಾಯಿ

ಅಡಿಕೆಯನ್ನು ಬಹುಕಾಲ ಜಗಿಯುವವರಲ್ಲಿ ಕೆನ್ನೆಯ ಒಳಭಾಗದ ಪೊರೆಯಲ್ಲಿ ಉರಿಯೂತ ಉಂಟಾಗಿ, ಪೊರೆಯ ಕೆಳಗೆ ನಾರಿನಂತಹ ಅಂಗಾಂಶ ಬೆಳೆಯುತ್ತದೆ. ಅಡಿಕೆಯಲ್ಲಿರುವ ಅರಿಕೋಲಿನ್ ಎಂಬ ಸಸ್ಯಕ್ಷಾರವು ಕೊಲಾಜೆನ್ ಎಂಬ ನಾರಿನ ಪ್ರೋಟೀನಿನ ಉತ್ಪತ್ತಿಯನ್ನು ಹೆಚ್ಚಿಸುತ್ತದೆ. ಖಾರ ತಿಂದಾಗ ಉರಿ, ಪೊರೆ ಬಿಳಿಚಿಕೊಳ್ಳುವುದು, ಕ್ರಮೇಣ ಬಾಯಿಯನ್ನು ಪೂರ್ತಿ ತೆರೆಯಲಾಗದಿರುವುದು ಇದರ ಲಕ್ಷಣಗಳು. ಈ ರೋಗವನ್ನು ಬಾಯಿಯ ಒಳಪೊರೆಯ ನಾರುಗಟ್ಟುವಿಕೆ ಎನ್ನಬಹುದು. ಆಧುನಿಕ ವೈದ್ಯಕೀಯದಲ್ಲಿ ಇದನ್ನು ಮೊದಲು ವರ್ಣಿಸಿದ್ದು 1952ರಲ್ಲಿ, ಪೂರ್ವ ಆಫ್ರಿಕದಲ್ಲಿದ್ದ ಐವರು ಭಾರತೀಯ ಮೂಲದ ಮಹಿಳೆಯರಲ್ಲಿ. ಇದು ಕ್ಯಾನ್ಸರ್‌ಪೂರ್ವ ಸ್ಥಿತಿ. ಪೀಡಿತರಲ್ಲಿ ಒಂದು ಪಾಲು ಜನರಿಗೆ ಮುಂದೆ ಬಾಯಿಯ ಕ್ಯಾನ್ಸರ್ ಬರುತ್ತದೆ.

ತಂಬಾಕು ಬೆರೆಸದ ಅಡಿಕೆ ನಿರಪಾಯಕಾರಿ ಎಂಬ ನಂಬಿಕೆ ಸಾಮಾನ್ಯವಾಗಿದೆ. ಆದರೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ತಂಬಾಕು ಸೇರಿದಾಗ ಅಪಾಯ ಇನ್ನೂ ಹೆಚ್ಚು. ಕರ್ನಾಟಕವು ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ. ಇಲ್ಲಿ ಎಲೆಯಡಿಕೆಯು ಶುಭಕಾರ್ಯಗಳ ಮತ್ತು ಅತಿಥಿಸತ್ಕಾರದ ಭಾಗವೂ ಆಗಿದೆ. ತಾಂಬೂಲವನ್ನು ಕೊಡುವುದು ಪಡೆಯುವುದು ಬೇರೆ, ದಿನವಿಡೀ ಕೆನ್ನೆಯಲ್ಲಿ ಅಡಿಕೆಯನ್ನೋ ಗುಟ್ಕಾವನ್ನೋ ಇರಿಸಿಕೊಳ್ಳುವುದು ಬೇರೆ. ಹಾನಿಯು ಬಳಸುವ ಪ್ರಮಾಣ ಮತ್ತು ಅವಧಿಯೊಂದಿಗೆ ಏರುತ್ತದೆ.

ಕರುಳು, ಅನ್ನನಾಳ ಮತ್ತು ಪಿತ್ತಕೋಶ

ಅಲ್ಸರೇಟಿವ್ ಕೊಲೈಟಿಸ್ ಮತ್ತು ಕ್ರೋನ್ಸ್ ಕಾಯಿಲೆಗಳಲ್ಲಿ ದೊಡ್ಡ ಕರುಳಿನ ಉರಿಯೂತವು ವರ್ಷಗಳ ಕಾಲ ಮುಂದುವರಿದರೆ ಅಲ್ಲಿ ಕ್ಯಾನ್ಸರಿನ ಸಾಧ್ಯತೆ ಹೆಚ್ಚುತ್ತದೆ. ಆದ್ದರಿಂದ ರೋಗ ಆರಂಭವಾಗಿ ಸುಮಾರು 8 ವರ್ಷಗಳಾದ ಬಳಿಕ ನಿಯತವಾಗಿ ಕೊಲೊನೊಸ್ಕೋಪಿ ಪರೀಕ್ಷೆ ಮಾಡಿಸಿಕೊಳ್ಳಲು ಸಲಹೆ ನೀಡಲಾಗುತ್ತದೆ. ಜಠರದ ಆಮ್ಲವು ಬಹುಕಾಲ ಮೇಲಕ್ಕೆ ಹಿಮ್ಮರಳುತ್ತಿದ್ದರೆ ಅನ್ನನಾಳದ ಕೆಳಭಾಗದ ಪೊರೆ ಮಾರ್ಪಟ್ಟು, ಕೆಲವರಲ್ಲಿ ಕ್ಯಾನ್ಸರಿಗೆ ಎಡೆಯಾಗುತ್ತದೆ. ಪಿತ್ತಕೋಶದ ಕಲ್ಲುಗಳಿಂದ ಉಂಟಾಗುವ ಉರಿಯೂತಕ್ಕೂ ಪಿತ್ತಕೋಶದ ಕ್ಯಾನ್ಸರಿಗೂ ಸಂಬಂಧವಿದೆ. ಈ ಕ್ಯಾನ್ಸರ್ ದಕ್ಷಿಣ ಭಾರತಕ್ಕಿಂತ ಗಂಗಾನದಿಯ ಬಯಲಿನಲ್ಲಿ ಹೆಚ್ಚು.

ಪರಾವಲಂಬಿ ಹುಳುಗಳು

ಆಫ್ರಿಕ ಮತ್ತು ಮಧ್ಯಪ್ರಾಚ್ಯದಲ್ಲಿ ಕಂಡುಬರುವ ಶಿಸ್ಟೊಸೋಮ ಹೆಮಟೋಬಿಯಂ ಎಂಬ ಹುಳುವಿನ ಮೊಟ್ಟೆಗಳು ಮೂತ್ರಕೋಶದ ಗೋಡೆಯಲ್ಲಿ ಸಿಕ್ಕಿಕೊಂಡು ಉರಿಯೂತ ಉಂಟುಮಾಡುತ್ತವೆ. ಇದರಿಂದ ಮೂತ್ರಕೋಶದ ಕ್ಯಾನ್ಸರ್ ಬರುತ್ತದೆ. ಈಶಾನ್ಯ ಥಾಯ್ಲೆಂಡಿನಲ್ಲಿ ಹಸಿ ಮೀನಿನ ಖಾದ್ಯಗಳ ಮೂಲಕ ದೇಹ ಸೇರುವ ಯಕೃತ್ತಿನ ಹುಳುವು ಪಿತ್ತನಾಳದ ಕ್ಯಾನ್ಸರಿಗೆ ಕಾರಣವಾಗಿದೆ.

ಚರ್ಮ ಮತ್ತು ಶ್ವಾಸಕೋಶ

ಬಹುಕಾಲ ಮಾಯದ ಸುಟ್ಟಗಾಯದ ಕಲೆಗಳಲ್ಲಿ ಚರ್ಮದ ಕ್ಯಾನ್ಸರ್ ಹುಟ್ಟಬಹುದು. ಕಾಶ್ಮೀರದಲ್ಲಿ ಚಳಿಯಿಂದ ರಕ್ಷಣೆಗಾಗಿ ಫೆರನ್ ಎಂಬ ನಿಲುವಂಗಿಯೊಳಗೆ ಕೆಂಡ ತುಂಬಿದ ಕಾಂಗಡಿಯನ್ನು ಇರಿಸಿಕೊಳ್ಳುವ ರೂಢಿಯಿದೆ. ಅದರ ಶಾಖ ತಾಗುವ ಹೊಟ್ಟೆ ಮತ್ತು ತೊಡೆಯ ಚರ್ಮದಲ್ಲಿ ಬರುವ ಕಾಂಗಡಿ ಕ್ಯಾನ್ಸರನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ವೈದ್ಯರು ಗುರುತಿಸಿದ್ದರು. ಕಲ್ನಾರಿನ ಸೂಕ್ಷ್ಮ ಎಳೆಗಳು ಶ್ವಾಸಕೋಶವನ್ನು ಹೊಕ್ಕಾಗ ಭಕ್ಷಕ ಕೋಶಗಳು ಅವನ್ನು ಪೂರ್ತಿಯಾಗಿ ನುಂಗಲಾರದೆ ಉರಿಯೂತದ ವಸ್ತುಗಳನ್ನು ಸ್ರವಿಸುತ್ತಲೇ ಇರುತ್ತವೆ. ಅದರ ಫಲವಾದ ಮೀಸೊಥೀಲಿಯೋಮ ಎಂಬ ಕ್ಯಾನ್ಸರ್ ಹಲವು ದಶಕಗಳ ಬಳಿಕ ಪ್ರಕಟವಾಗುತ್ತದೆ.

ಬೊಜ್ಜು

ಕೊಬ್ಬಿನ ಅಂಗಾಂಶವು ಅತಿಯಾಗಿ ಬೆಳೆದಾಗ ಅದರಲ್ಲಿ ಭಕ್ಷಕ ಕೋಶಗಳು ಸೇರಿ, ಇಡೀ ದೇಹದಲ್ಲಿ ಸೌಮ್ಯ ಉರಿಯೂತ ಉಳಿಯುವಂತೆ ಮಾಡುತ್ತವೆ. ಇನ್ಸುಲಿನ್ ಮತ್ತು ಈಸ್ಟ್ರೊಜೆನ್ ಹಾರ್ಮೋನುಗಳ ಏರಿಕೆಯೂ ಜೊತೆಗೂಡುತ್ತದೆ. ಅತಿತೂಕವನ್ನು ತಪ್ಪಿಸುವುದರಿಂದ 13 ಬಗೆಯ ಕ್ಯಾನ್ಸರ್‌ಗಳ ಅಪಾಯ ತಗ್ಗುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ತಿಳಿಸಿತು.

ಸಂಬಂಧದ ಮಿತಿಗಳು

ಎಲ್ಲ ಉರಿಯೂತವೂ ಕ್ಯಾನ್ಸರ್ ಆಗುವುದಿಲ್ಲ. ಸಂಧಿವಾತದಲ್ಲಿ ಕೀಲುಗಳ ಉರಿಯೂತ ದಶಕಗಳ ಕಾಲ ಇದ್ದರೂ ಆ ಕೀಲುಗಳಲ್ಲಿ ಕ್ಯಾನ್ಸರ್ ಹುಟ್ಟುವುದು ವಾಡಿಕೆಯಲ್ಲ. ಎಲ್ಲ ಕ್ಯಾನ್ಸರಿಗೂ ಉರಿಯೂತವೇ ಮೂಲವೂ ಅಲ್ಲ. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾದ ಹ್ಯೂಮನ್ ಪ್ಯಾಪಿಲೋಮ ವೈರಸ್ ಮುಖ್ಯವಾಗಿ ತನ್ನದೇ ಪ್ರೋಟೀನುಗಳ ಮೂಲಕ ಕೋಶದ ಹತೋಟಿಯನ್ನು ತಪ್ಪಿಸುತ್ತದೆ. ಇನ್ನೊಂದೆಡೆ, ಉರಿಯೂತವನ್ನು ಚಿಕಿತ್ಸೆಯಾಗಿ ಬಳಸುವುದೂ ಉಂಟು. ಮೂತ್ರಕೋಶದ ಆರಂಭಿಕ ಕ್ಯಾನ್ಸರಿಗೆ, ಕ್ಷಯರೋಗ ನಿರೋಧಕವಾದ ಬಿಸಿಜಿ ಲಸಿಕೆಯ ದ್ರಾವಣವನ್ನು ಮೂತ್ರಕೋಶದೊಳಗೆ ಬಿಟ್ಟು ಅಲ್ಪಕಾಲಿಕ ಉರಿಯೂತವನ್ನು ಬೇಕೆಂದೇ ಎಬ್ಬಿಸಲಾಗುತ್ತದೆ.

ತಡೆಗಟ್ಟುವ ವಿಧಾನಗಳು

ತಡೆಗಟ್ಟುವಿಕೆಯ ಮೂಲತತ್ತ್ವವೆಂದರೆ ಉರಿಯೂತದ ಕಾರಣವನ್ನು ನಿವಾರಿಸುವುದು.

ಲಸಿಕೆ: ತೈವಾನ್ 1984ರಲ್ಲಿ ನವಜಾತ ಶಿಶುಗಳಿಗೆ ಹೆಪಟೈಟಿಸ್ ಬಿ ಲಸಿಕೆ ನೀಡುವ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಅಲ್ಲಿ 6ರಿಂದ 14 ವರ್ಷದ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರಿನ ಪ್ರಮಾಣವು 1981–86ರ ಅವಧಿಯಲ್ಲಿ ಲಕ್ಷಕ್ಕೆ 0.70 ಇದ್ದುದು 1990–94ರ ವೇಳೆಗೆ 0.36ಕ್ಕೆ ಇಳಿಯಿತು. ಭಾರತದಲ್ಲಿ ಈ ಲಸಿಕೆಯು 2011ರ ವೇಳೆಗೆ ಇಡೀ ದೇಶಕ್ಕೆ ವಿಸ್ತರಿಸಿತು. ಮೊದಲ ಚುಚ್ಚುಮದ್ದನ್ನು ಮಗು ಹುಟ್ಟಿದ 24 ಗಂಟೆಗಳ ಒಳಗೆ ನೀಡಬೇಕು.

ಸೋಂಕಿನ ಚಿಕಿತ್ಸೆ: ಹೆಪಟೈಟಿಸ್ ಸಿ ಸೋಂಕನ್ನು ಕೆಲವು ವಾರಗಳ ಮಾತ್ರೆಗಳಿಂದ ಶೇ. 95ಕ್ಕೂ ಹೆಚ್ಚು ಜನರಲ್ಲಿ ಗುಣಪಡಿಸಬಹುದು. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಇದರ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತ. ಹೆಲಿಕೋಬ್ಯಾಕ್ಟರ್ ಸೋಂಕನ್ನು ಪ್ರತಿಜೀವಕಗಳಿಂದ ನಿವಾರಿಸಬಹುದು. ಜಠರ ಕ್ಯಾನ್ಸರ್ ಹೆಚ್ಚಿರುವ ಜಪಾನಿನಲ್ಲಿ 2013ರಿಂದ ಈ ಸೋಂಕಿನಿಂದಾದ ಜಠರದ ಉರಿಯೂತದ ಚಿಕಿತ್ಸೆಗೂ ಆರೋಗ್ಯ ವಿಮೆ ದೊರೆಯುತ್ತದೆ.

ತಂಬಾಕು ಮತ್ತು ಅಡಿಕೆ ತ್ಯಜಿಸುವುದು: ಬೀಡಿ, ಸಿಗರೇಟು, ಗುಟ್ಕಾ, ಕಡ್ಡಿಪುಡಿ, ಪಾನ್ ಮಸಾಲ ಇವುಗಳನ್ನು ಬಿಡುವುದು ಅತ್ಯಂತ ಫಲಕಾರಿ ಕ್ರಮ. ಬಾಯಿಯ ನಾರುಗಟ್ಟುವಿಕೆ ಒಮ್ಮೆ ಬಲಿತರೆ ಪೂರ್ತಿ ಮೊದಲಿನಂತಾಗುವುದಿಲ್ಲ. ಆದರೆ ಚಟ ಬಿಟ್ಟರೆ ಅದು ಮುಂದುವರಿಯುವ ಸಾಧ್ಯತೆ ತಗ್ಗುತ್ತದೆ.

ಆಹಾರ ಮತ್ತು ವ್ಯಾಯಾಮ: ತೂಕವನ್ನು ಮಿತಿಯಲ್ಲಿಡುವುದು, ಮದ್ಯವನ್ನು ವರ್ಜಿಸುವುದು, ತರಕಾರಿ, ಹಣ್ಣು, ಬೇಳೆಕಾಳು ಮತ್ತು ಸಿರಿಧಾನ್ಯಗಳನ್ನು ಹೆಚ್ಚು ಬಳಸುವುದು ಹಿತಕರ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುತ್ತದೆ. ಚುರುಕಾದ ನಡಿಗೆ ಇದಕ್ಕೆ ಸಾಕು. ಬೂಷ್ಟು ಹಿಡಿದ ಕಡಲೆಕಾಯಿ ಮತ್ತು ಮೆಕ್ಕೆಜೋಳದಲ್ಲಿರುವ ಅಫ್ಲಾಟಾಕ್ಸಿನ್ ಎಂಬ ವಿಷವು ಹೆಪಟೈಟಿಸ್ ಬಿ ಇರುವವರಲ್ಲಿ ಯಕೃತ್ತಿನ ಕ್ಯಾನ್ಸರಿನ ಅಪಾಯವನ್ನು ಬಹಳ ಹೆಚ್ಚಿಸುತ್ತದೆ. ಆದ್ದರಿಂದ ಅಂತಹ ಕಾಳುಗಳನ್ನು ಎಸೆಯಬೇಕು.

ಉರಿಯೂತ ಶಮನಕಾರಿ ಔಷಧಗಳು

ಮಾತ್ರೆಯಿಂದಲೇ ಉರಿಯೂತವನ್ನು ಅಡಗಿಸಿ ಕ್ಯಾನ್ಸರನ್ನು ತಡೆಯಬಹುದೇ ಎಂಬ ಪ್ರಶ್ನೆಗೆ ಮಿಶ್ರ ಉತ್ತರ ದೊರೆತಿದೆ. ಲಿಂಚ್ ಸಿಂಡ್ರೋಮ್ ಎಂಬ ಅನುವಂಶೀಯ ದೋಷವುಳ್ಳವರಲ್ಲಿ ಆಸ್ಪಿರಿನ್ ಸೇವನೆಯು ದೊಡ್ಡ ಕರುಳಿನ ಕ್ಯಾನ್ಸರನ್ನು ತಗ್ಗಿಸಿತು. ಆದರೆ ಆಸ್ಟ್ರೇಲಿಯ ಮತ್ತು ಅಮೆರಿಕದ 19,000ಕ್ಕೂ ಹೆಚ್ಚು ಆರೋಗ್ಯವಂತ ವೃದ್ಧರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಸ್ಪಿರಿನ್ ಸೇವಿಸಿದವರಲ್ಲಿ ಕ್ಯಾನ್ಸರ್ ಸಾವುಗಳು ತುಸು ಹೆಚ್ಚೇ ಇದ್ದವು; ರಕ್ತಸ್ರಾವವೂ ಹೆಚ್ಚಿತು. ಕರುಳಿನ ಗಂಟುಗಳನ್ನು ತಡೆಯಬಹುದೇ ಎಂದು ಪರೀಕ್ಷಿಸುತ್ತಿದ್ದಾಗ ಹೃದಯಾಘಾತದ ಅಪಾಯ ಕಂಡುಬಂದುದರಿಂದ ರೋಫೆಕಾಕ್ಸಿಬ್ ಎಂಬ ಔಷಧವನ್ನು 2004ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ಇಂಟರ್‌ಲ್ಯೂಕಿನ್-1 ಬೀಟಾವನ್ನು ತಡೆಯುವ ಕನಾಕಿನುಮಾಬ್ ಔಷಧವನ್ನು ಹೃದ್ರೋಗಿಗಳಿಗೆ ನೀಡಿದಾಗ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಕಂಡುಬಂದಿತೆಂದು 2017ರಲ್ಲಿ ವರದಿಯಾಯಿತು. ಆದರೆ ಮಾರಕ ಸೋಂಕುಗಳು ಹೆಚ್ಚಾದವು. ಉರಿಯೂತವು ದೇಹಕ್ಕೆ ಅಗತ್ಯವಾದ ರಕ್ಷಣೆಯಾದ್ದರಿಂದ ಅದನ್ನು ಸಾರಾಸಗಟಾಗಿ ಅಡಗಿಸುವುದು ಕ್ಷೇಮವಲ್ಲ. ಈ ಔಷಧಗಳನ್ನು ವೈದ್ಯರ ಸಲಹೆಯಿಲ್ಲದೆ ಕ್ಯಾನ್ಸರ್ ತಡೆಗೆಂದು ಸೇವಿಸಬಾರದು.

ಅರಿಸಿನದಲ್ಲಿರುವ ಕರ್ಕ್ಯುಮಿನ್ ಪ್ರಯೋಗಾಲಯದಲ್ಲಿ ಉರಿಯೂತವನ್ನು ತಗ್ಗಿಸುವುದು ಕಂಡುಬಂದಿದೆ. ಆದರೆ ಸೇವಿಸಿದಾಗ ಅದು ರಕ್ತಕ್ಕೆ ಸೇರುವುದು ಬಹಳ ಕಡಿಮೆ; ಮನುಷ್ಯರಲ್ಲಿ ಅದು ಕ್ಯಾನ್ಸರನ್ನು ತಡೆಯುತ್ತದೆಂಬುದು ಸಾಬೀತಾಗಿಲ್ಲ. ಅಡುಗೆಯಲ್ಲಿ ಅರಿಸಿನ ಬಳಸಲು ಅಡ್ಡಿಯಿಲ್ಲ; ಚಿಕಿತ್ಸೆಗೆ ಅದು ಬದಲಿಯಲ್ಲ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

- ಬಾಯಿಯಲ್ಲಿ ಮೂರು ವಾರಗಳಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ
- ಬಾಯಿ ತೆರೆಯುವುದು ಕ್ರಮೇಣ ಕಷ್ಟವಾಗುವುದು
- ಆಹಾರ ನುಂಗಲು ತೊಂದರೆ, ಕಾರಣವಿಲ್ಲದೆ ತೂಕ ಇಳಿಯುವುದು
- ಮಲ ಅಥವಾ ಮೂತ್ರದಲ್ಲಿ ರಕ್ತ, ಕಪ್ಪು ಮಲ
- ಹಳೆಯ ಗಾಯದ ಕಲೆಯಲ್ಲಿ ಹೊಸದಾಗಿ ಹುಣ್ಣು ಅಥವಾ ಗಂಟು
- ಕುಟುಂಬದಲ್ಲಿ ಯಾರಿಗಾದರೂ ಹೆಪಟೈಟಿಸ್ ಬಿ ಇರುವುದು (ಉಳಿದವರೂ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು)

ಇವು ಕ್ಯಾನ್ಸರಿನ ಖಚಿತ ಲಕ್ಷಣಗಳಲ್ಲ. ಆದರೆ ಪರೀಕ್ಷೆಯಿಲ್ಲದೆ ಕಡೆಗಣಿಸಬಾರದ ಸೂಚನೆಗಳು. ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳ ತಪಾಸಣೆಯು 30 ವರ್ಷ ದಾಟಿದವರಿಗೆ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮದ ಭಾಗವಾಗಿದೆ. ಬಾಯಿಯ ತಪಾಸಣೆಯು ಬರಿಗಣ್ಣಿನಿಂದಲೇ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಉರಿಯೂತದಿಂದ ಕ್ಯಾನ್ಸರ್‌ವರೆಗಿನ ಹಾದಿಗೆ ಸಾಮಾನ್ಯವಾಗಿ ಹಲವು ವರ್ಷಗಳು ಹಿಡಿಯುವುದರಿಂದ, ಕಾರಣವನ್ನು ಬೇಗ ಗುರುತಿಸಿದವರಿಗೆ ಆ ಹಾದಿಯನ್ನು ನಡುವೆಯೇ ತಡೆಯಲು ಕಾಲಾವಕಾಶವಿರುತ್ತದೆ.